ಮೀಟರ್ ಹೊಡೆದ ಮೇಲೆ: ಹಳೇ ರೇಡಿಯೊ ರಿಪೇರಿ ಮಾಡುವವರಿಗೆ

ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೊ ಟೇಬಲ್ ಮೇಲೆ ಬೋರಲಾಗಿ ಮಲಗಿದೆ. ಮಲ್ಟಿಮೀಟರಿನ ಕಪ್ಪು ಪ್ರೋಬ್ ಚಾಸಿಗೆ, ಅಂದರೆ ಸೆಟ್ಟಿನ ಲೋಹದ ತಳಕ್ಕೆ, ಕೆಂಪು ಪ್ರೋಬ್ ದೊಡ್ಡ ಕಂಡೆನ್ಸರಿನ ಟ್ಯಾಗಿಗೆ. ಎರಡು ನಿಮಿಷದ ಹಿಂದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಾಯಿಲ್ ನೋಡಲು ಓಮ್ ಕಡೆ ತಿರುಗಿಸಿದ ನಾಬ್ ಇನ್ನೂ ಅಲ್ಲೇ ಇದೆ. ಚಿಟ್ ಅಂತ ಸಣ್ಣ ಸದ್ದು, ಹಿಂದೆಯೇ ಸುಟ್ಟ ಬಣ್ಣದ ವಾಸನೆ. ನಮ್ಮ ಕಡೆ ಇದಕ್ಕೆ ಎರಡೇ ಮಾತು: ಮೀಟರ್ ಹೋತು.

ಪೂರ್ತಿ ಹೋಗಿದ್ದರೆ ಚಿಂತೆ ಕಡಿಮೆ, ಅದನ್ನು ಯಾರೂ ನಂಬುವುದಿಲ್ಲ. ಹೊಡೆತ ತಿಂದೂ ಅಂಕಿ ತೋರಿಸುತ್ತಲೇ ಇರುವ ಮೀಟರ್ ಬೇರೆ ಜಾತಿ. 280 ವೋಲ್ಟ್ ಇರುವಲ್ಲಿ 168 ತೋರಿಸುತ್ತದೆ, ನೀವು ಸರಿಯಿರುವ ರೆಕ್ಟಿಫೈಯರ್ ವಾಲ್ವ್ ಕಿತ್ತು ಹೊಸದು ಹುಡುಕಿಕೊಂಡು ಹೋಗುತ್ತೀರಿ. ಇನ್ನೂ ಕೆಟ್ಟದ್ದೆಂದರೆ ತುಂಬಿದ ಕಂಡೆನ್ಸರ್ ಮೇಲೆ ಸೊನ್ನೆ ತೋರಿಸುತ್ತದೆ, ನೀವು ಕೈ ಹಾಕುತ್ತೀರಿ. ಹಾಗಾಗಿ ಹೊಡೆತ ತಿಂದ ಮೀಟರನ್ನು ಫ್ಯೂಸ್ ಬದಲಿಸಿ ಹಾಗೇ ಮತ್ತೆ ಹಿಡಿಯಬಾರದು. ಒಂದೊಂದು ರೇಂಜೂ ತಾನು ಸರಿ ಅಂತ ತೋರಿಸಿಕೊಡಬೇಕು.

ಮೊದಲ ಐದು ನಿಮಿಷ

ಪ್ರೋಬ್ ಎತ್ತಿ. ಪ್ರೋಬ್ ಇಟ್ಟುಕೊಂಡೇ ಗಾಬರಿಯಲ್ಲಿ ನಾಬ್ ತಿರುಗಿಸಿದರೆ ಒಂದು ರೆಸಿಸ್ಟರ್ ಸುಟ್ಟಲ್ಲಿ ಐದು ಸುಡುತ್ತವೆ, ನಾಬಿನ ಪಟ್ಟಿಗಳ ನಡುವೆ ಕಿಡಿ ಹಾರಿ ತಾಮ್ರವೂ ಕರಗುತ್ತದೆ. ರೇಡಿಯೊದ ಪಿನ್ ಗೋಡೆಯಿಂದ ಕೀಳಿ. ಸೆಟ್ಟಿನ ಸ್ವಿಚ್ ಆಫ್ ಮಾಡಿದರೆ ಸಾಲದು.

ಈಗ ಕಂಡೆನ್ಸರ್ ಖಾಲಿ ಮಾಡಬೇಕು. 50 ಮೈಕ್ರೊಫ್ಯಾರಡ್ ಕಂಡೆನ್ಸರಿನಲ್ಲಿ 280 ವೋಲ್ಟ್ ನಿಂತಿದ್ದರೆ ಸುಮಾರು 2 ಜೂಲ್ ಶಕ್ತಿ ಕೂತಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಫಟ್ ಅನ್ನಿಸುವ ರೂಢಿ ಬಿಡಿ, ಕಂಡೆನ್ಸರಿನ ಟ್ಯಾಗೂ ಹಾಳು, ಕಣ್ಣಿಗೂ ಅಪಾಯ. 4.7 ಕಿಲೊಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ತೆಗೆದುಕೊಂಡು ಎರಡು ತುದಿಗೂ ದಪ್ಪ ಸ್ಲೀವ್ ಇರುವ ವೈರ್, ವೈರಿಗೆ ಮೊಸಳೆ ಕ್ಲಿಪ್ ಬೆಸೆದಿಟ್ಟುಕೊಳ್ಳಿ. 50 ಮೈಕ್ರೊಫ್ಯಾರಡ್ ಇದರ ಮೂಲಕ ಒಂದೂಕಾಲು ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಐದು ಸೆಕೆಂಡ್ ಹಿಡಿಯಿರಿ. ಜೋಡಿ ಕಂಡೆನ್ಸರಾಗಿದ್ದರೆ ಎರಡೂ ಟ್ಯಾಗಿಗೆ ಹಿಡಿಯಬೇಕು. ಹಳೇ ಎಲೆಕ್ಟ್ರೊಲಿಟಿಕ್ ಖಾಲಿಯಾದ ಮೇಲೂ ತಾನಾಗಿ ಒಂದಿಷ್ಟು ವೋಲ್ಟೇಜ್ ಮತ್ತೆ ಎತ್ತಿಕೊಳ್ಳುತ್ತದೆ. ಆದ್ದರಿಂದ ಸೆಟ್ಟಿನೊಳಗೆ ಕೈ ಇರುವಷ್ಟು ಹೊತ್ತೂ ಕ್ಲಿಪ್ ಅಲ್ಲೇ ಇರಲಿ. ಖಾಲಿಯಾಯಿತೋ ಇಲ್ಲವೋ ಎಂದು ನೋಡಲು ಈಗಷ್ಟೇ ಹೊಡೆತ ತಿಂದ ಮೀಟರನ್ನೇ ಹಿಡಿಯಬೇಡಿ.

ಆಮೇಲೆ ಒಂದು ಚೀಟಿ ತೆಗೆದುಕೊಂಡು ಮೂರು ಸಂಗತಿ ಬರೆಯಿರಿ: ನಾಬ್ ಯಾವ ರೇಂಜಿನಲ್ಲಿತ್ತು, ಕೆಂಪು ವೈರ್ ಯಾವ ತೂತಿನಲ್ಲಿತ್ತು, ಎಲ್ಲಿ ಮುಟ್ಟಿಸಿದಾಗ ಹೊಡೆಯಿತು. ಯಾವ ಭಾಗ ಸುಟ್ಟಿರಬಹುದು ಎಂಬುದರ ಅರ್ಧ ಉತ್ತರ ಈ ಚೀಟಿಯಲ್ಲೇ ಇರುತ್ತದೆ.

ಎಲ್ಲೆಲ್ಲಿ ಹೊಡೆಯುತ್ತದೆ

ಇಂದಿನ 5 ವೋಲ್ಟ್, 12 ವೋಲ್ಟ್ ಬೋರ್ಡ್‌ಗಳಲ್ಲಿ ಓಮ್ ರೇಂಜಿನಲ್ಲಿ ಮುಟ್ಟಿಸಿದರೂ ಮೀಟರ್ ಹೆಚ್ಚಾಗಿ ಬದುಕಿಕೊಳ್ಳುತ್ತದೆ. ಅದೇ ಸಲಿಗೆಯಲ್ಲಿ ಹಳೇ ಸೆಟ್ಟಿಗೆ ಕೈ ಹಾಕಿದವರ ಮೀಟರೇ ಜಾಸ್ತಿ ಹೋಗುವುದು. ವಾಲ್ವ್ ಸೆಟ್ಟಿನ ಎಚ್‌ಟಿ, ಅಂದರೆ ವಾಲ್ವುಗಳಿಗೆ ಕೊಡುವ ಹೈ ಟೆನ್ಶನ್ ಡಿಸಿ, 200ರಿಂದ 300 ವೋಲ್ಟ್. ವಾಲ್ವ್ ಕಾಯುವ ಮೊದಲು ಅದು ಇನ್ನೂ ಮೇಲೇರುತ್ತದೆ.

ಓಮ್ ರೇಂಜಿನಲ್ಲಿ ವೋಲ್ಟ್ ಮುಟ್ಟಿಸುವುದು ಮೊದಲನೇ ತಪ್ಪು. ಎರಡನೆಯದು ಆಂಪಿಯರ್ ತೂತಿನಲ್ಲಿ ಕೆಂಪು ವೈರ್ ಮರೆಯುವುದು. ಆ ತೂತಿನ ಹಿಂದಿರುವುದು ಹೆಚ್ಚುಕಡಿಮೆ ಒಂದು ದಪ್ಪ ತಂತಿ, ಅಷ್ಟೇ. ಎಚ್‌ಟಿಗೆ ಅಡ್ಡ ಹಿಡಿದರೆ ಕಂಡೆನ್ಸರನ್ನು ಶಾರ್ಟ್ ಮಾಡಿದಂತೆ. ಗೋಡೆಯ ಸಾಕೆಟ್ಟಿಗೆ ಹಿಡಿದರೆ ಪ್ರೋಬಿನ ತುದಿಯೇ ಕರಗುತ್ತದೆ. ಅಗ್ಗದ ಮೀಟರುಗಳ 10 ಆಂಪಿಯರ್ ತೂತಿಗೆ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ. ಮುಖದ ಮೇಲೆ ಅದನ್ನು ಬರೆದೂ ಇರುತ್ತಾರೆ, ನಾವು ಓದುವುದಿಲ್ಲ.

ಮೂರನೆಯದು, ಚಾರ್ಜ್ ಉಳಿದಿರುವ ಕಂಡೆನ್ಸರನ್ನು ಮೀಟರಿನ ಕಪ್ಯಾಸಿಟಿ ರೇಂಜಿಗೆ ಕೊಡುವುದು. ಮೀಟರಿನಲ್ಲಿ ಎಲ್ಲಕ್ಕಿಂತ ಬಡಪಾಯಿ ಭಾಗ ಅದೇ, ಒಂದೇ ಹೊಡೆತಕ್ಕೆ ಐಸಿ ಹೋಗುತ್ತದೆ.

ಹಳೇ ಟಿವಿ ಬಂದರೆ ಇನ್ನೊಂದು ಗುಂಡಿ. ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಯು-208ರ ಕಲೆಕ್ಟರಿನಲ್ಲಿ ಸರಾಸರಿ ನೋಡಿದರೆ ನೂರರ ಸುಮಾರು ವೋಲ್ಟ್. ಆದರೆ ಚಿತ್ರದ ಪ್ರತಿ ಲೈನಿಗೊಮ್ಮೆ ಅಲ್ಲಿ ಸಾವಿರ ವೋಲ್ಟಿನ ಆಸುಪಾಸಿನ ಪಲ್ಸ್ ಏಳುತ್ತದೆ. ಆ ಟ್ರಾನ್ಸಿಸ್ಟರನ್ನು 1500 ವೋಲ್ಟ್ ತಾಳುವಂತೆ ಮಾಡಿರುವುದು ಅದಕ್ಕೇ. ವಾಲ್ವ್ ಟಿವಿಯ ಲೈನ್ ಔಟ್‌ಪುಟ್ ವಾಲ್ವಿನ ಮೇಲಿನ ಟೋಪಿಯಲ್ಲಂತೂ ಅದು ಹಲವು ಸಾವಿರ. ಈ ಎರಡು ಜಾಗದಲ್ಲಿ ಸಾಮಾನ್ಯ ಮೀಟರ್ ಇಡಲೇಬಾರದು. ಎಚ್‌ಟಿ ನೋಡಬೇಕಿದ್ದರೆ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ, ಫಿಲ್ಟರ್ ಕಂಡೆನ್ಸರ್ ಮೇಲೆ ನೋಡಿ.

ಮೀಟರ್ ಕೆಡದೆಯೇ ಮೋಸ ಮಾಡುವ ಒಂದು ಸಂದರ್ಭವನ್ನೂ ಇಲ್ಲೇ ಹೇಳಬೇಕು. ಅಗ್ಗದ ಡಿಜಿಟಲ್ ಮೀಟರುಗಳಲ್ಲೂ ಹೆಚ್ಚಿನ ಮುಳ್ಳಿನ ಮೀಟರುಗಳಲ್ಲೂ ಎಸಿ ರೇಂಜ್ ಎಂದರೆ ಒಳಗೆ ಅರ್ಧ ಅಲೆಯ ಡಯೋಡ್. ಅದರಲ್ಲಿ ಡಿಸಿ ಅಳೆದರೆ ಒಂದು ದಿಕ್ಕಿನಲ್ಲಿ ಸುಮಾರು 2.2 ಪಟ್ಟು ಹೆಚ್ಚು ತೋರಿಸುತ್ತದೆ, ಪ್ರೋಬ್ ಅದಲು ಬದಲಾದರೆ ಸೊನ್ನೆ. ತುಂಬಿದ ಕಂಡೆನ್ಸರಿನ ಮೇಲೆ, ಸುಸ್ಥಿತಿಯ ಮೀಟರಿನಲ್ಲಿ, ಸೊನ್ನೆ! ನಾಬ್ ಎಲ್ಲಿದೆ ಎಂದು ಕಣ್ಣಿನಿಂದ ನೋಡದೆ ಸೊನ್ನೆಯನ್ನು ನಂಬಬಾರದು.

ಡಿಜಿಟಲ್ ಮೀಟರ್ ಬಿಚ್ಚಿದಾಗ

ಹೆಚ್ಚಿನವರ ಕೈಯಲ್ಲಿರುವ ಹಳದಿ ಡಿಟಿ-830 ಜಾತಿಯ ಮೀಟರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ರೋಬ್ ಎರಡೂ ಕಿತ್ತು, ಹಿಂದಿನ ಸ್ಕ್ರೂ ಬಿಚ್ಚಿ, ಮೊದಲು 9 ವೋಲ್ಟ್ ಬ್ಯಾಟರಿ ತೆಗೆಯಿರಿ. ಬೋರ್ಡ್ ಎತ್ತುವುದಾದರೆ ಬಿಳಿ ತಟ್ಟೆಯ ಮೇಲೆ ಎತ್ತಿ. ನಾಬಿನ ಕೆಳಗೆ ಸಣ್ಣ ಸ್ಪ್ರಿಂಗ್ ಪಟ್ಟಿಗಳಿರುತ್ತವೆ, ಕೆಲವಕ್ಕೆ ಉಕ್ಕಿನ ಗುಂಡುಗಳೂ ಇರುತ್ತವೆ. ಒಂದು ಹಾರಿ ಹೋದರೆ ಆಮೇಲೆ ಯಾವ ರೇಂಜೂ ಸರಿಯಾಗಿ ಕೂರುವುದಿಲ್ಲ. ಡಿಸ್‌ಪ್ಲೇ ಕೆಳಗಿನ ರಬ್ಬರ್ ಪಟ್ಟಿಯನ್ನು ಬೆರಳಿನಿಂದ ಮುಟ್ಟಬೇಡಿ, ಎಣ್ಣೆ ತಾಗಿದರೆ ಅಂಕಿಯ ಗೆರೆಗಳು ಮಾಯವಾಗುತ್ತವೆ.

ಮೊದಲು ಫ್ಯೂಸ್. ಗಾಜು ತಿಳಿಯಾಗಿದ್ದು ಒಳಗಿನ ತಂತಿ ಮಾತ್ರ ತುಂಡಾಗಿದ್ದರೆ ಸಣ್ಣ ಓವರ್‌ಲೋಡ್, ಬೇರೇನೂ ಸುಟ್ಟಿರಲಿಕ್ಕಿಲ್ಲ. ಗಾಜಿನ ಒಳಮೈಗೆ ಕಪ್ಪು ಅಥವಾ ಬೆಳ್ಳಿಯ ಲೇಪ ಹಿಡಿದಿದ್ದರೆ ಜೋರಾದ ಶಾರ್ಟ್ ಹರಿದಿದೆ. ಆಗ ಫ್ಯೂಸಿನ ಆಚೆಗಿರುವ ಡಯೋಡ್, ಶಂಟ್ (ಆಂಪಿಯರ್ ಅಳೆಯಲು ಇರುವ ಸಣ್ಣ ರೆಸಿಸ್ಟರ್), ತಾಮ್ರದ ಗೆರೆ ಎಲ್ಲವನ್ನೂ ನೋಡಬೇಕು.

ಹೊಸ ಫ್ಯೂಸ್ ತರುವಾಗ ಪೂರ್ತಿ ಹೆಸರು ಹೇಳಿ: 200 ಮಿಲಿ ಆಂಪಿಯರ್, 250 ವೋಲ್ಟ್, ಫಾಸ್ಟ್, 5×20 ಮಿಲಿಮೀಟರ್. ಬರೀ 'ಸಣ್ಣ ಗಾಜಿನ ಫ್ಯೂಸ್ ಕೊಡ್ರಿ' ಅಂದರೆ ಸ್ಟೆಬಿಲೈಜರಿನ 2 ಆಂಪಿಯರಿನದು ಕೈಗೆ ಬರುತ್ತದೆ, 'ಇದೂ ನಡೀತೈತ್ರಿ' ಅನ್ನುವ ಮಾತಿನ ಸಮೇತ. ನಡೆಯುವುದಿಲ್ಲ. 200 ಮಿಲಿಗೆ ಮಾಡಿದ ಶಂಟು ಎರಡು ಆಂಪಿಯರಿನ ಫ್ಯೂಸಿಗಿಂತ ಮೊದಲೇ ಸುಡುತ್ತದೆ. ವೈರಿನ ಒಂದೆಳೆ ಸುತ್ತಿ ಕೂಡಿಸುವುದಂತೂ ಮೀಟರನ್ನೂ ಹಿಡಿದ ಕೈಯನ್ನೂ ಪಣಕ್ಕಿಟ್ಟಂತೆ. ಇನ್ನೊಂದು ಮಾತು: ಸಾಮಾನ್ಯ ಗಾಜಿನ ಫ್ಯೂಸ್ ಸುರಕ್ಷಿತವಾಗಿ ಕಡಿಯಬಲ್ಲದ್ದು ಬರೀ 35 ಆಂಪಿಯರಿನವರೆಗೆ. ಮೈಮೇಲೆ ಎಚ್ ಅಕ್ಷರವಿರುವ, ಮರಳು ತುಂಬಿದ ಸೆರಾಮಿಕ್ ಫ್ಯೂಸ್ 1500 ಆಂಪಿಯರಿನವರೆಗೂ ಕಡಿಯುತ್ತದೆ. ಅದೇ ಅಳತೆಯದು ಸಿಕ್ಕರೆ ಅದನ್ನೇ ಹಾಕಿ. ಒಳ್ಳೆಯ ಮೀಟರುಗಳಲ್ಲಿರುವ ಬೆರಳುದ್ದದ 1000 ವೋಲ್ಟ್ ಫ್ಯೂಸಿಗೆ ಬದಲಾಗಿ ಗಾಜಿನದನ್ನು ಕೂರಿಸಬೇಡಿ.

ಫ್ಯೂಸ್ ಆದ ಮೇಲೆ ಕಪ್ಪಾದ ರೆಸಿಸ್ಟರ್ ಹುಡುಕಿ. ಓಮ್ ರೇಂಜಿನಲ್ಲಿ ಹೊಡೆದಿದ್ದರೆ 100 ಮತ್ತು 900 ಓಮಿನವು ಮೊದಲ ಬಲಿ. ಕಾರಣ ಸರಳ. ಈ ಜಾತಿಯ ಮೀಟರಿನಲ್ಲಿ ವೋಲ್ಟೇಜ್ ಭಾಗ ಮಾಡುವ ರೆಸಿಸ್ಟರ್ ಸರಪಳಿಯೇ ಓಮ್ ರೇಂಜಿಗೂ ಕೆಲಸ ಮಾಡುತ್ತದೆ: 900 ಕಿಲೊ, 90 ಕಿಲೊ, 9 ಕಿಲೊ, 900, ತೀರ ಕೆಳಗೆ 100 ಓಮ್, ಒಟ್ಟು 1 ಮೆಗಓಮ್. 200 ಓಮ್ ರೇಂಜಿನಲ್ಲಿ ಹೊರಗಿನ ವೋಲ್ಟೇಜಿಗೆ ಎದುರಾಗುವುದು ಕೆಳಗಿನ ಆ ಸಣ್ಣವೇ.

ಇಲ್ಲಿಯೇ ಮೀಟರ್ ಸುಳ್ಳು ಕಲಿಯುವುದು. ತೀರ ಕೆಳಗಿನ 100 ಓಮ್ ಸುಟ್ಟು 60ಕ್ಕೆ ಇಳಿದಿದೆ ಎಂದುಕೊಳ್ಳಿ. 1000 ವೋಲ್ಟ್ ರೇಂಜ್ ಅದೊಂದರ ಮೇಲಿನ ವೋಲ್ಟೇಜನ್ನೇ ಓದುತ್ತದೆ, ಆದ್ದರಿಂದ 280 ವೋಲ್ಟ್ 168 ಆಗಿ ಕಾಣುತ್ತದೆ. 200 ವೋಲ್ಟ್ ರೇಂಜ್ ಓದುವುದು 900 ಮತ್ತು 100 ಸೇರಿಸಿ. ಅಲ್ಲಿ ತಪ್ಪು ಬರೀ 4 ಶೇಕಡಾ. 20 ವೋಲ್ಟ್ ರೇಂಜಿನಲ್ಲಿ ತಪ್ಪು ಕಣ್ಣಿಗೇ ಬೀಳುವುದಿಲ್ಲ. 9 ವೋಲ್ಟ್ ಬ್ಯಾಟರಿಗೆ ಹಿಡಿದು 'ಬರೋಬ್ಬರಿ ಐತಿ' ಎಂದು ಮುಗಿಸಿದವರಿಗೆ ಎಚ್‌ಟಿ ಮುಟ್ಟಿದಾಗಷ್ಟೇ ಪೆಟ್ಟು. ಆ ರೆಸಿಸ್ಟರ್ ಪೂರ್ತಿ ತುಂಡಾಗಿದ್ದರೆ ಎಡಗಡೆ ಬರೀ 1 ನಿಂತುಬಿಡುತ್ತದೆ, ಅದೇ ವಾಸಿ.

ಬದಲಿಸುವುದಾದರೆ 1 ಶೇಕಡಾ ಮೆಟಲ್ ಫಿಲ್ಮ್ ಸಾಕು, 0.5 ಸಿಕ್ಕರೆ ಒಳ್ಳೆಯದು. ಸುಟ್ಟ ಜಾಗದ ಬೋರ್ಡಿನ ಕರಿಯೂ ವಿದ್ಯುತ್ ಹರಿಸುತ್ತದೆ. ಬ್ಲೇಡಿನಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ ಅದ್ದಿ ಉಜ್ಜಿ. ಧಾರವಾಡದ ಮಳೆಗಾಲದಲ್ಲಿ ಇದು ಎರಡು ಪಟ್ಟು ಮುಖ್ಯ. ಬೆಸುಗೆಯ ಫ್ಲಕ್ಸ್ ತೇವ ಹಿಡಿದು ಮೆಗಓಮ್ ರೇಂಜಿನಲ್ಲಿ ಅಂಕಿ ಓಡಾಡತೊಡಗಿದರೆ ಐಸಿಯ ಮೇಲೆ ಸಂಶಯ ಬರುತ್ತದೆ, ತಪ್ಪು ಮಾತ್ರ ತೇವದ್ದು.

ಬೋರ್ಡಿನ ಮೇಲಿನ, ಅಳತೆ ಹೊಂದಿಸುವ ಪ್ರಿಸೆಟ್ ಸ್ಕ್ರೂ ಮುಟ್ಟಬೇಡಿ. ಒಂದು ರೇಂಜ್ ತಪ್ಪು ತೋರಿಸುತ್ತಿದೆ ಎಂದು ಅದನ್ನು ತಿರುಗಿಸಿದರೆ ಆ ಒಂದು ರೇಂಜ್ ಸರಿಯಾಗಿ ಕಂಡು ಉಳಿದ ಎಲ್ಲವೂ ಕೆಡುತ್ತವೆ. ಎಲ್ಲ ಡಿಸಿ ರೇಂಜೂ ಒಂದೇ ಶೇಕಡಾವಾರು ತಪ್ಪಿದ್ದರೆ ಮಾತ್ರ ಪ್ರಿಸೆಟ್ಟಿನ ವಿಚಾರ.

ಐಸಿ ಬದುಕಿದೆಯೇ? 7106 ಜಾತಿಯ ಐಸಿಯಲ್ಲಿ ಪ್ಲಸ್ ಸಪ್ಲೈಗೂ ಕಾಮನ್ನಿಗೂ ನಡುವೆ 3 ವೋಲ್ಟಿನ ಆಸುಪಾಸು, 2.4ರಿಂದ 3.2ರೊಳಗೆ, ಇರಬೇಕು. ರೆಫರೆನ್ಸ್ 100 ಮಿಲಿವೋಲ್ಟ್. ಕಾಲಿರುವ ಐಸಿಯಾದರೆ 35 ಮತ್ತು 36ನೇ ಕಾಲಿನ ನಡುವೆ ಸಿಗುತ್ತದೆ. 200 ಮಿಲಿವೋಲ್ಟ್ ರೇಂಜಿನಲ್ಲಿ ಎರಡೂ ಪ್ರೋಬ್ ಕೂಡಿಸಿದರೆ 00.0 ನಿಲ್ಲಬೇಕು. ಇವು ಬರದೆ ಅಂಕಿ ಕುಣಿಯುತ್ತಿದ್ದರೆ, ಮೇಲಾಗಿ ಐಸಿ ಎಂದರೆ ಬೋರ್ಡಿಗೇ ಅಂಟಿದ ಕಪ್ಪು ಬೊಟ್ಟಾಗಿದ್ದರೆ, ಅಲ್ಲಿಗೆ ಮುಗಿಯಿತು. ಪ್ರೋಬ್, ನಾಬಿನ ಗುಂಡು, ಫ್ಯೂಸ್ ಹೋಲ್ಡರ್ ತೆಗೆದಿಟ್ಟುಕೊಳ್ಳಿ.

ಮುಳ್ಳಿನ ಮೀಟರ್

ಹಳೇ ರೇಡಿಯೊ ಕೆಲಸಕ್ಕೆ ಮುಳ್ಳಿನ ಮೀಟರೇ ಹೆಚ್ಚು ಹಿತ. ಕಂಡೆನ್ಸರ್ ತುಂಬುವುದು, ಸೋರುವುದು, ವಾಲ್ಯೂಮ್ ಕಂಟ್ರೋಲಿನ ಸವೆದ ಜಾಗ, ಎಲ್ಲವನ್ನೂ ಮುಳ್ಳು ನಡೆದು ತೋರಿಸುತ್ತದೆ. ರಿಪೇರಿಗೂ ಇದೇ ಲೇಸು. ಒಳಗಿರುವುದು ರೆಸಿಸ್ಟರ್, ಡಯೋಡ್, ಒಂದು ಕಾಯಿಲ್. ಬೊಟ್ಟು ಐಸಿ ಇಲ್ಲ. ವೈಎಕ್ಸ್-360 ಮಾದರಿಯ ಮೀಟರುಗಳ ಲೆಕ್ಕದಲ್ಲಿ ಹೇಳುತ್ತೇವೆ, ಉಳಿದವಕ್ಕೂ ದಾರಿ ಇದೇ.

ಬಿಚ್ಚದೆಯೇ ಮುಕ್ಕಾಲು ಪರೀಕ್ಷೆ ಆಗುತ್ತದೆ. ಡಯಲ್ ಮೇಲೆ ಡಿಸಿ 20 ಕಿಲೊಓಮ್ ಪ್ರತಿ ವೋಲ್ಟ್ ಎಂದಿದ್ದರೆ, 2.5 ವೋಲ್ಟ್ ರೇಂಜಿನಲ್ಲಿ ಎರಡು ತೂತುಗಳ ನಡುವೆ 50 ಕಿಲೊಓಮ್, 10 ವೋಲ್ಟಿನಲ್ಲಿ 200 ಕಿಲೊಓಮ್, 50 ವೋಲ್ಟಿನಲ್ಲಿ 1 ಮೆಗಓಮ್ ಇರಲೇಬೇಕು. ಇನ್ನೊಂದು ಡಿಜಿಟಲ್ ಮೀಟರಿನಿಂದ ಇದನ್ನು ಅಳೆಯಿರಿ. ಯಾವ ರೇಂಜಿನಲ್ಲಿ ಲೆಕ್ಕ ತಪ್ಪಿತೋ ಆ ಮೆಟ್ಟಿಲಿನ ರೆಸಿಸ್ಟರ್ ಹೋಗಿದೆ. ಕೆಲವು ಮೀಟರುಗಳಲ್ಲಿ 250 ವೋಲ್ಟಿನಿಂದ ಮೇಲೆ ಪ್ರತಿ ವೋಲ್ಟಿಗೆ 9 ಕಿಲೊಓಮ್ ಇರುತ್ತದೆ. ಡಯಲ್ ಮೂಲೆಯ ಸಣ್ಣಕ್ಷರ ಓದಿದ ಮೇಲೆಯೇ ತೀರ್ಮಾನಿಸಿ. ಡಿಸಿ ಸರಿಯಿದ್ದು ಎಸಿ ಮಾತ್ರ ಸತ್ತಿದ್ದರೆ ಒಳಗಿನ ಡಯೋಡ್ ಹೋಗಿದೆ.

ಓಮ್ ರೇಂಜಿನ ಹೊಡೆತಕ್ಕೆ ಇಲ್ಲಿ ಸಾಮಾನ್ಯವಾಗಿ ಸುಡುವುದು ×1ರ, ಅಂದರೆ ತೀರ ಕೆಳಗಿನ ಓಮ್ ರೇಂಜಿನ, ರೆಸಿಸ್ಟರ್. ಮೈ ಕಪ್ಪಾಗಿ ಬಣ್ಣದ ಪಟ್ಟಿ ಕಾಣದಿದ್ದರೂ ಅದರ ಬೆಲೆ ಡಯಲ್ಲಿನಲ್ಲೇ ಇದೆ. ಓಮ್ ಗೆರೆಯ ನಟ್ಟನಡುವಿನ ಅಂಕಿ ನೋಡಿ. ಅಲ್ಲಿ 20 ಎಂದಿದ್ದರೆ ×1 ರೇಂಜಿನಲ್ಲಿ ಮೀಟರಿನ ಒಳಗಿನ ಒಟ್ಟು ತಡೆ 20 ಓಮ್. ಅದರಲ್ಲಿ ಫ್ಯೂಸಿನ ಮತ್ತು ಸೆಲ್ಲುಗಳ ಪಾಲು ಕಳೆದರೆ ರೆಸಿಸ್ಟರ್ 18 ಓಮಿನ ಸುಮಾರು. ಅರ್ಧ ವ್ಯಾಟಿನ 18 ಓಮ್, 1 ಶೇಕಡಾ ಹಾಕಿ, ಹೊಸ ಸೆಲ್ಲುಗಳೊಂದಿಗೆ ಪ್ರೋಬ್ ಕೂಡಿಸಿ ಸೊನ್ನೆ ಹೊಂದಿಸಿ, 10 ಓಮಿನ ಎರಡು 1 ಶೇಕಡಾ ರೆಸಿಸ್ಟರ್ ಸಾಲಾಗಿ ಜೋಡಿಸಿ ಅಳೆಯಿರಿ. ಮುಳ್ಳು ನಟ್ಟನಡುವೆ 20ಕ್ಕೆ ನಿಂತರೆ ಆಯಿತು. 22 ತೋರಿಸಿದರೆ ಹಾಕಿದ ರೆಸಿಸ್ಟರ್ ಕಡಿಮೆ, 18 ತೋರಿಸಿದರೆ ಹೆಚ್ಚು. ಅರ್ಧ ಓಮ್, ಒಂದು ಓಮ್ ಅತ್ತಿತ್ತ ಸೇರಿಸಿ ಸರಿಹೊಂದಿಸಬಹುದು.

ಯಾವ ರೇಂಜಿನಲ್ಲೂ ಮುಳ್ಳು ಅಲುಗದಿದ್ದರೆ ಮೊದಲು 0.5 ಆಂಪಿಯರ್ ಫ್ಯೂಸ್, ಆಮೇಲೆ ಕಾಯಿಲ್. ಕಾಯಿಲನ್ನು ಇನ್ನೊಂದು ಮುಳ್ಳಿನ ಮೀಟರಿನ ×1ರಲ್ಲಿ ನೋಡಲು ಹೋಗಬೇಡಿ! ಆ ರೇಂಜಿನಲ್ಲಿ ಪ್ರೋಬಿನಿಂದ 150 ಮಿಲಿ ಆಂಪಿಯರ್‌ವರೆಗೂ ಹರಿಯಬಹುದು. ಈ ಕಾಯಿಲಿಗೆ ತುದಿ ಮುಟ್ಟಲು ಬೇಕಿರುವುದೇ 50 ಮೈಕ್ರೊ ಆಂಪಿಯರಿನ ಒಳಗೆ. ಕಾಯಿಲಿನ ಒಂದು ವೈರ್ ಬಿಡಿಸಿ, 1.5 ವೋಲ್ಟ್ ಸೆಲ್ಲಿಗೆ 100 ಕಿಲೊಓಮ್ ಸಾಲಾಗಿ ಜೋಡಿಸಿ ಮುಟ್ಟಿಸಿ. ಹರಿಯುವುದು 15 ಮೈಕ್ರೊ. ಮುಳ್ಳು ಮೂರನೇ ಒಂದು ಭಾಗದ ಹತ್ತಿರ ಏರಿದರೆ ಕಾಯಿಲ್ ಬದುಕಿದೆ. ಏರದಿದ್ದರೆ ಮೀಟರಿನ ಜೀವವೇ ಹೋದಂತೆ. ಅದೇ ಮಾದರಿಯ ಇನ್ನೊಂದು ಕೆಟ್ಟ ಮೀಟರಿನಿಂದ ತೆಗೆದು ಹಾಕಬೇಕು.

ಮುಳ್ಳು ಜೋರಾಗಿ ಬಡಿದು ಬಾಗಿದ್ದರೆ ಹೊರಗಿನ ಸ್ಕ್ರೂವಿನಿಂದ ಸೊನ್ನೆಗೆ ತರುವುದು ತೇಪೆ ಕೆಲಸ. ಗಾಜು ತೆಗೆದು, ಚಿಮಟದಿಂದ ಮುಳ್ಳಿನ ಬುಡ ಹಿಡಿದು, ಇನ್ನೊಂದು ಚಿಮಟದಿಂದ ತುದಿಯನ್ನು ಕೂದಲೆಳೆಯಷ್ಟು ಬಗ್ಗಿಸಿ. ಬುಡ ಹಿಡಿಯದೆ ಬಗ್ಗಿಸಿದರೆ ಬೇರಿಂಗ್ ಜಾರುತ್ತದೆ. ಈ ಕೆಲಸ ಮಾಡುವ ಟೇಬಲ್ ಮೇಲೆ ಅರದಿಂದ ಉಜ್ಜಿದ ಕಬ್ಬಿಣದ ಪುಡಿ ಇರಲೇಕೂಡದು. ಅಯಸ್ಕಾಂತ ಅದನ್ನು ಎಳೆದುಕೊಂಡರೆ ಮುಳ್ಳು ಒಂದೇ ಜಾಗದಲ್ಲಿ ತಡವರಿಸುತ್ತದೆ. ಗದಗಿನ ಕಡೆ ಬೇಸಿಗೆ ಗಾಳಿ ಬೀಸುವ ಹೊತ್ತಿನಲ್ಲಿ ಕಿಟಕಿ ತೆರೆದು ಮೀಟರ್ ಬಿಚ್ಚುವುದೂ ಬೇಡ.

ಒಣ ಹವೆಯಲ್ಲಿ ಇನ್ನೊಂದು ತಮಾಷೆ. ಪ್ಲಾಸ್ಟಿಕ್ ಗಾಜನ್ನು ಒಣ ಬಟ್ಟೆಯಿಂದ ಒರೆಸಿದ ಕೂಡಲೇ ಮುಳ್ಳು ತಾನಾಗಿ ಎದ್ದು ಕೂರುತ್ತದೆ. ಕೆಟ್ಟದ್ದೇನೂ ಇಲ್ಲ, ಗಾಜಿಗೆ ಹತ್ತಿದ ಸ್ಥಿರ ವಿದ್ಯುತ್. ಪಾತ್ರೆ ಸೋಪಿನ ಒಂದು ಹನಿ ನೀರಿನಲ್ಲಿ ಕಲಸಿ ತೆಳುವಾಗಿ ಒರೆಸಿದರೆ ಮುಳ್ಳು ಇಳಿಯುತ್ತದೆ.

ಮತ್ತೆ ನಂಬುವ ಮೊದಲು

ಪ್ರೋಬಿನಿಂದ ಶುರು ಮಾಡಿ. ಹೊಡೆತಕ್ಕೆ ತುದಿಯಲ್ಲಿ ಗುಳಿ ಬಿದ್ದಿದ್ದರೆ ಸಣ್ಣ ಎಮರಿ ಕಾಗದದಿಂದ ಉಜ್ಜಿ. ಎರಡೂ ಕೂಡಿಸಿ ಓಮ್ ನೋಡುತ್ತ ವೈರನ್ನು ಬುಡದಲ್ಲಿ ಅಲುಗಿಸಿ: 0.1ರಿಂದ 0.5 ಓಮಿನೊಳಗೆ ನಿಂತಿರಬೇಕು. ಅಲುಗಿಸಿದಾಗ ಅಂಕಿ ಹಾರಿದರೆ ವೈರ್ ಒಳಗೆ ಕಡಿದಿದೆ. ಕಡಿದ ಪ್ರೋಬೂ ಎಚ್‌ಟಿಯ ಮೇಲೆ ಸೊನ್ನೆಯನ್ನೇ ತೋರಿಸುತ್ತದೆ.

ಆಮೇಲೆ ಬೇರೊಂದು ಮೀಟರಿನಿಂದ ಇದರ ಒಳತಡೆ ಅಳೆಯಿರಿ. ಡಿಟಿ-830 ಜಾತಿಯದರಲ್ಲಿ ಡಿಸಿ ವೋಲ್ಟಿನ ರೇಂಜುಗಳಲ್ಲಿ 1 ಮೆಗಓಮ್; ಒಳ್ಳೆಯ ಮೀಟರುಗಳಲ್ಲಿ 10 ಮೆಗಓಮ್. ಆಂಪಿಯರ್ ರೇಂಜುಗಳಲ್ಲಿ 200 ಮೈಕ್ರೊಗೆ 1 ಕಿಲೊಓಮ್, 2 ಮಿಲಿಗೆ 100 ಓಮ್, 20 ಮಿಲಿಗೆ 10, 200 ಮಿಲಿಗೆ 1 ಓಮ್. ಪ್ರತಿಯೊಂದಕ್ಕೂ ಫ್ಯೂಸಿನ ಒಂದೆರಡು ಓಮ್ ಕೂಡುತ್ತದೆ. ಎಲ್ಲದರಲ್ಲೂ ಸೊನ್ನೆಯ ಹತ್ತಿರ ಬಂದರೆ ಕಾವಲಿನ ಡಯೋಡ್ ಶಾರ್ಟಾಗಿದೆ.

ವೋಲ್ಟಿಗೆ ಒಂದು ನಂಬಿಕಸ್ಥ ಅಳತೆಗಲ್ಲು ಬೇಕು. ಟಿಎಲ್-431 ಎಂಬ ಮೂರು ಕಾಲಿನ ಸಣ್ಣ ಐಸಿ ತನ್ನಿ, ಎ ದರ್ಜೆಯದಾದರೆ 1 ಶೇಕಡಾ. ಟ್ರಾನ್ಸಿಸ್ಟರಿನಂಥ ಡಬ್ಬಿಯದೇ ಇರಲಿ. ಅಂಚಿನ ಎರಡು ಕಾಲುಗಳನ್ನು ಒಟ್ಟಿಗೆ ಬೆಸೆಯಿರಿ, ಅದು ಪ್ಲಸ್. ನಡುವಿನ ಕಾಲು ಮೈನಸ್. ಅಂಚಿನವೆರಡೂ ಕೂಡಿರುವುದರಿಂದ ಯಾವುದು ಎಡ ಯಾವುದು ಬಲ ಎಂಬ ತಲೆನೋವಿಲ್ಲ. 9 ವೋಲ್ಟ್ ಬ್ಯಾಟರಿಯ ಪ್ಲಸ್ಸಿನಿಂದ 1 ಕಿಲೊಓಮ್ ಮೂಲಕ ಕೊಡಿ. ಕಾಲುಗಳ ನಡುವೆ 2.495 ವೋಲ್ಟ್ ಬರುತ್ತದೆ, 2.47ರಿಂದ 2.52ರೊಳಗೆ ನಿಮ್ಮ ಮೀಟರ್ ಓದಬೇಕು. ಜೊತೆಗೆ 100 ಓಮ್, 1 ಕಿಲೊ, 10 ಕಿಲೊ, 100 ಕಿಲೊ, 1 ಮೆಗ, ಒಂದೊಂದು 1 ಶೇಕಡಾ ರೆಸಿಸ್ಟರನ್ನು ರಟ್ಟಿಗೆ ಚುಚ್ಚಿ ಇಟ್ಟುಕೊಂಡರೆ ಓಮ್ ರೇಂಜಿಗೂ ಅಳತೆ ಸಿಕ್ಕಂತೆ.

ಮೇಲಿನ ರೇಂಜುಗಳನ್ನು ಬಿಡಬೇಡಿ, ಸುಳ್ಳು ಅಡಗಿ ಕೂರುವುದು ಅಲ್ಲೇ. ಎಚ್‌ಟಿಯನ್ನು ಎರವಲು ಮೀಟರೊಂದರ ಜೊತೆ ಹೋಲಿಸಿ ನೋಡಿ. ಎಸಿಗೆ ಮೊದಲು 12 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ನೋಡಿ, ಆಮೇಲಷ್ಟೇ ಗೋಡೆಯ 230.

ಸರಿಯಾಗಿರುವ ಮೀಟರಿನ ಮೇಲೆ ಸುಮ್ಮನೆ ಅನುಮಾನ ಬರುವ ಜಾಗವೂ ಒಂದಿದೆ. ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸ್‌ಗೆ ಸೆಟ್ ಹಿಡಿದು ಎವಿಸಿ (ಸ್ಟೇಷನ್ನಿನ ಬಲಕ್ಕೆ ತಕ್ಕಂತೆ ಸದ್ದನ್ನು ತಾನಾಗಿ ಹೊಂದಿಸುವ) ವೋಲ್ಟೇಜ್ ನೋಡುತ್ತೀರಿ ಎನ್ನಿ. ನಿಜವಾಗಿ ಅಲ್ಲಿ ಮೈನಸ್ 6 ವೋಲ್ಟ್ ಇದ್ದು ದಾರಿಯಲ್ಲಿ 1 ಮೆಗಓಮ್ ರೆಸಿಸ್ಟರ್ ಇದ್ದರೆ, 10 ಮೆಗಓಮ್ ಮೀಟರ್ 5.45 ಓದುತ್ತದೆ, 1 ಮೆಗಓಮಿನದು 3, ಮುಳ್ಳಿನ ಮೀಟರ್ 10 ವೋಲ್ಟ್ ರೇಂಜಿನಲ್ಲಿ ಬರೀ 1. ಮೂರೂ ಸರಿಯಾಗಿಯೇ ಇವೆ. ಸರ್ಕ್ಯೂಟಿನಿಂದ ಎಳೆದುಕೊಳ್ಳುವುದು ಬೇರೆ ಬೇರೆ. ಹಳೇ ಸರ್ವಿಸ್ ಹಾಳೆಯ ವೋಲ್ಟೇಜುಗಳನ್ನು ಯಾವ ಮೀಟರಿನಿಂದ ಅಳೆದರು ಎಂದು ಹಾಳೆಯ ಕೆಳಗೆ ಬರೆದಿರುತ್ತಾರೆ, ನೋಡಿಕೊಳ್ಳಿ.

ಆಂಪಿಯರ್ ತೂತಿಗೆ ಕೈ ಹಾಕದೆ ಕೆಲಸ

ವಾಲ್ವ್ ಸೆಟ್ಟಿನಲ್ಲಿ ಆಂಪಿಯರ್ ರೇಂಜ್ ಬೇಕಾಗುವುದೇ ಅಪರೂಪ. ಎಚ್‌ಟಿ ದಾರಿಯಲ್ಲಿ 1 ಕಿಲೊಓಮ್ ಫಿಲ್ಟರ್ ರೆಸಿಸ್ಟರ್ ಇದ್ದರೆ ಅದರ ಎರಡು ತುದಿಯ ನಡುವಿನ ವೋಲ್ಟೇ ಮಿಲಿ ಆಂಪಿಯರ್: 50 ವೋಲ್ಟ್ ಇದ್ದರೆ 50 ಮಿಲಿ. ಔಟ್‌ಪುಟ್ ವಾಲ್ವ್ ಇಎಲ್-84ರ ಕ್ಯಾಥೋಡಿನ 135 ಓಮ್ ಮೇಲೆ 7.2 ವೋಲ್ಟ್ ಸಿಕ್ಕರೆ ಪ್ಲೇಟೂ ಸ್ಕ್ರೀನೂ ಸೇರಿ 53 ಮಿಲಿ ಚಿಲ್ಲರೆ, ಇರಬೇಕಾದಷ್ಟೇ. 10 ವೋಲ್ಟ್ ದಾಟಿದ್ದರೆ ಗ್ರಿಡ್ಡಿನ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿದೆಯೇ ನೋಡಿ. ರೆಸಿಸ್ಟರೇ ಇಲ್ಲದ ಕಡೆ 10 ಓಮ್, 1 ವ್ಯಾಟಿನದೊಂದು ಬೆಸೆದು ಅದರ ಮೇಲೆ ಓದಿ. ಇಷ್ಟು ರೂಢಿಯಾದರೆ 10 ಆಂಪಿಯರ್ ತೂತಿಗೆ ಒಂದು ತುಂಡು ಟೇಪು ಅಂಟಿಸಿಬಿಡಬಹುದು.

ಸೆಟ್ಟಿಗೆ ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬಲ್ಬ್ ಇರಲಿ. 40ರಿಂದ 60 ವ್ಯಾಟ್ ತಿನ್ನುವ ರೇಡಿಯೊಗೆ 100 ವ್ಯಾಟಿನ ಹಳೇ ತಂತಿ ಬಲ್ಬ್. ಎಲ್‌ಇಡಿ ಇದಕ್ಕೆ ಬಾರದು. ಒಳಗೆ ಪೂರ್ತಿ ಶಾರ್ಟಿದ್ದರೂ ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಆದರೆ ಬಲ್ಬ್ ನಿಮ್ಮನ್ನು ಶಾಕಿನಿಂದ ಕಾಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಿ, ಯುಎಲ್-41, ಯುವೈ-41 ವಾಲ್ವಿನಂಥವುಗಳಲ್ಲಿ, ಎರಡು ಕಡ್ಡಿಯ ಪಿನ್ ತಿರುವಿ ಚುಚ್ಚಿದರೆ ಚಾಸಿಯೇ ಫೇಸ್ ಆಗುತ್ತದೆ. ಅಂಥದಕ್ಕೆ 230ಕ್ಕೆ 230 ಕೊಡುವ, 100 ವಿಎ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಕಪ್ಪು ಪ್ರೋಬಿಗೆ ಮೊಸಳೆ ಕ್ಲಿಪ್ ಹಾಕಿ, ಕರೆಂಟ್ ಕೊಡುವ ಮೊದಲೇ ಚಾಸಿಗೆ ಕಚ್ಚಿಸಿ. ಕೆಂಪು ಪ್ರೋಬ್ ಒಂದೇ ಕೈಯಲ್ಲಿ. ಓಮ್ ನೋಡಿ ಮುಗಿದ ಕೂಡಲೇ ನಾಬ್ ಡಿಸಿಯ ತುದಿ ರೇಂಜಿಗೆ; ಟೇಬಲ್ ಮೇಲೆ ಮೀಟರ್ ಯಾವತ್ತೂ ಅಲ್ಲೇ ಮಲಗಿರಬೇಕು.

ಮೀಟರಿನಿಂದ ಸೆಟ್ಟಿಗೂ ಪೆಟ್ಟು ಬೀಳುತ್ತದೆ. ಹಾವೇರಿ, ಗದಗ ಕಡೆಯ ಹಳ್ಳಿಗಳಿಗೆ ಲೈಟ್ ಬರುವ ಮೊದಲಿನ ಬ್ಯಾಟರಿ ಸೆಟ್ಟು ಯಾರದಾದರೂ ಮನೆಯಲ್ಲಿ ಸಿಕ್ಕರೆ, ಅದರ ಡಿಕೆ-96, ಡಿಎಫ್-96 ವಾಲ್ವುಗಳ ಫಿಲಮೆಂಟಿಗೆ 1.4 ವೋಲ್ಟಿನಲ್ಲಿ ಬೇಕಿರುವುದು 25 ಮಿಲಿ ಆಂಪಿಯರ್ ಮಾತ್ರ. ಫಿಲಮೆಂಟ್ ಇದೆಯೇ ಎಂದು ಮುಳ್ಳಿನ ಮೀಟರಿನ ×1ರಲ್ಲಿ ನೋಡಿದರೆ ನೋಡುತ್ತಿದ್ದಂತೆಯೇ ಅದು ಇಲ್ಲವಾಗಬಹುದು. ಡಿಜಿಟಲ್ ಮೀಟರ್ ಅಥವಾ ×1ಕೆ ರೇಂಜ್ ಬಳಸಿ. ಜರ್ಮೇನಿಯಂ ಟ್ರಾನ್ಸಿಸ್ಟರುಗಳಿಗೂ, ಎಸಿ-128ರಂಥವಕ್ಕೆ, ×1 ಮತ್ತು ×10ಕೆ ಎರಡೂ ಬೇಡ. ಮುಳ್ಳಿನ ಮೀಟರಿನಲ್ಲಿ ಓಮ್ ನೋಡುವಾಗ ಕಪ್ಪು ಪ್ರೋಬೇ ಪ್ಲಸ್ ಎಂಬುದೂ ನೆನಪಿರಲಿ. ಇಲ್ಲದಿದ್ದರೆ ಒಳ್ಳೆಯ ಡಯೋಡ್ ಉಲ್ಟಾ ಕಂಡು ಕಸದ ಬುಟ್ಟಿ ಸೇರುತ್ತದೆ.

ರಿಪೇರಿಯಾದ ಮೀಟರಿನ ಬೆನ್ನಿಗೆ ಚೀಟಿ ಹಚ್ಚಿ: ತಾರೀಕು, ಬದಲಿಸಿದ ಭಾಗ, ಟಿಎಲ್-431ರ ಮೇಲೆ ಅದು ಓದಿದ ಅಂಕಿ. ಎಲ್ಲ ಮಾಡಿಯೂ ಮೇಲಿನ ರೇಂಜ್ ಅನುಮಾನವೇ ಆಗಿದ್ದರೆ, ನಾಬಿನ ಸುತ್ತ ಕೆಂಪು ಟೇಪು ಸುತ್ತಿ 'ಬರೀ ಸೆಲ್ಲಿಗೆ, ಕರೆಂಟಿಗೆ ಬ್ಯಾಡ' ಎಂದು ದಪ್ಪಕ್ಷರದಲ್ಲಿ ಬರೆದು ಟ್ರಾನ್ಸಿಸ್ಟರ್ ರೇಡಿಯೊ ಇರುವ ಕಡೆ ಇಡಿ. ನಾಳೆ ಅದನ್ನು ಕೈಗೆತ್ತಿಕೊಳ್ಳುವವರು ನೀವೇ ಆಗಿರಬೇಕೆಂದಿಲ್ಲ.